ಫ್ರೆಟ್‌ಬೋರ್ಡಿಗೆ ಯಾವ ಮರ?

ಎಲೆಕ್ಟ್ರಿಕ್ ಗಿಟಾರ್ ಮಾಡಿಸಲು ಹೊರಟವರು ಫ್ರೆಟ್‌ಬೋರ್ಡಿನ (ತಂತಿಗಳನ್ನು ಬೆರಳಿನಿಂದ ಒತ್ತುವ ಉದ್ದ ಹಲಗೆಯ) ಮರವನ್ನು ಕಿವಿಗಿಂತ ಮೊದಲು ಬೆರಳಿಗೆ ಒಪ್ಪಿಸಿ ನೋಡಿ. ನಾದದ ಬಹುಪಾಲನ್ನು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ತಂತಿ, ಆಂಪ್ಲಿಫೈಯರ್‌ಗಳೇ ನಿರ್ಧರಿಸುತ್ತವೆ. ಬೆರಳು ದಿನವೂ ಓಡಾಡುವುದು ಮಾತ್ರ ಈ ಮರದ ಮೇಲೆ.

ನನ್ನ ಮೊದಲ ಆಯ್ಕೆ ಬೀಟೆ. ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಈ ಮರವನ್ನೇ ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಸಹಜವಾಗಿಯೇ ಎಣ್ಣೆಯಂಶವಿರುವುದರಿಂದ ವಾರ್ನಿಷ್ ಬೇಡ. ವರ್ಷಕ್ಕೆ ಒಂದೆರಡು ಬಾರಿ, ತಂತಿ ಬದಲಿಸುವಾಗ, ಫ್ರೆಟ್‌ಬೋರ್ಡ್ ಎಣ್ಣೆಯನ್ನು ತೆಳುವಾಗಿ ಒರೆಸಿದರೆ ಸಾಕು. ಆದರೆ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಲಗೆ ಕೊಳ್ಳುವಾಗ ರಸೀದಿಯನ್ನು ತಪ್ಪದೆ ಕೇಳಿ ಪಡೆಯಿರಿ, ಕದ್ದ ಮರದ ಗಿಟಾರ್ ನಮಗೆ ಬೇಡ.

ಮೇಪಲ್ ತಿಳಿಬಣ್ಣದ್ದು. ಬೆವರಿನ ಕಲೆ ಬೇಗ ಹಿಡಿಯುವುದರಿಂದ ಅದಕ್ಕೆ ಮೇಲ್ಲೇಪ ಕಡ್ಡಾಯ. ಎಬೊನಿ ಇವೆರಡಕ್ಕಿಂತ ಗಟ್ಟಿ, ನುಣುಪು, ಬೆಲೆಯೂ ಹೆಚ್ಚು.

ಯಾವ ಮರವಾದರೂ ಚೆನ್ನಾಗಿ ಒಣಗಿರಲೇಬೇಕು. ಹಸಿ ಹಲಗೆ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ಕುಗ್ಗುವುದಿಲ್ಲ. ಅವುಗಳ ತುದಿಗಳು ಅಂಚಿನಿಂದ ಹೊರಚಾಚಿ ಕೈ ಗೀರುತ್ತವೆ. ನನ್ನ ಹಿಂದಿನ ಗಿಟಾರಿನಲ್ಲಿ ಮಾರ್ಚ್ ಬಂದರೆ ಇದೇ ಪಾಡು. ಮರದ ಎಳೆಗಳು ಉದ್ದಕ್ಕೂ ನೇರವಾಗಿ ಸಾಗಿವೆಯೇ ಎಂದು ಹಲಗೆಯ ಬದಿಯಿಂದಲೂ ನೋಡಿ. ಚಿತ್ತಾರಕ್ಕೆ ಮರುಳಾಗಿ ಗಂಟು, ಸುಳಿ ಇರುವ ತುಂಡನ್ನು ಆರಿಸಿದರೆ ಮುಂದೆ ನೆಕ್ (ಗಿಟಾರಿನ ಕತ್ತು) ತಿರುಚಿಕೊಳ್ಳಬಹುದು.