ಜೋಕಾಲಿ ನಿಲ್ಲಿಸಿ ಸುಮ್ಮನಿದ್ದೆ, ಮಾತು ಬಂತು: ನನ್ನ ಅನುಭವ

"ಜೋಕಾಲಿ ಆಡಿದ್ರ ಮಾತು ಬರ್ತದಂದ್ರ ಪಂಚಮಿಗಿ ಊರ ಮಂದಿಯೆಲ್ಲ ಭಾಷಣ ಮಾಡಬೇಕಿತ್ತಲ್ಲ ಅಕ್ಕೋರೆ" ಅಂತ, ಮಾತು ತಡವಾದ ಮಕ್ಕಳಿಗೆ ಜೋಕಾಲಿ ಆಟದಲ್ಲೇ ಮಾತು ಕಲಿಸಬಹುದು ಅಂದಾಗ ಮೀಟಿಂಗಿನಲ್ಲಿ ನಕ್ಕವರೇ ಈಗ ಹಗ್ಗ ಎಷ್ಟಕ್ಕೆ ತಂದ್ರಿ ಅಂತ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ನಮ್ಮ ಅಂಗನವಾಡಿ ಶಹಾಬಾದ್ ಕಡೆ. ನೆಲವೂ ಪರ್ಸಿ ಕಲ್ಲು, ಗೋಡೆಯೂ ಪರ್ಸಿ, ಮೇಲೆ ತಗಡು. ಇಪ್ಪತ್ತರ ಹತ್ತಿರ ಮಕ್ಕಳು ಒಟ್ಟಿಗೆ ಬಾಯಿ ಬಿಟ್ಟರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಯಾರು ಏನಂದರು ನನಗೇ ತಿಳಿಯುವುದಿಲ್ಲ. ಇನ್ನು ಮಾತು ಕಲಿಯುವ ಕೂಸಿಗೆ ‘ಪ’ ಯಾವುದು ‘ಬ’ ಯಾವುದು ಹೇಗೆ ಗೊತ್ತಾಗಬೇಕು? ಹೊರಗೆ ಬೇವಿನ ಗಿಡದ ಕೆಳಗೆ ಈ ಗೋಳಿಲ್ಲ.

ಮೊದಲು ದುಡ್ಡು ಹೋದ ದಾರಿ ಹೇಳ್ತೀನಿ. ಚಾರ್ಟು, ಚಿತ್ರದ ಕಾರ್ಡು ಅಂತ ಕೈಯಿಂದ ಎಂಟುನೂರೋ ಒಂಬೈನೂರೋ ಹಾಕಿದೆ. "ಇದೇನು?" ಅಂದರೆ ಮಾತು ಬರುವ ಮಕ್ಕಳೇ ಉತ್ತರ ಕೊಟ್ಟವು, ಬಾರದವು ಬಾಯಾಗ ಬೆರಳಿಟ್ಟುಕೊಂಡು ಕೂತವು. ಪುಣ್ಯಾತ್ಮರೊಬ್ಬರು ಪ್ಲಾಸ್ಟಿಕ್ ಜಾರುಬಂಡಿ ಕೊಟ್ಟರು. ನಮ್ಮ ಏಪ್ರಿಲ್ ಬಿಸಿಲು 42 ಡಿಗ್ರಿ ಮುಟ್ಟಿದಾಗ ಅದರ ಮೇಲೆ ಕೂತ ಹುಡುಗ ಚೀರಿದ ಚೀರಾಟವನ್ನೂ ಮಾತು ಅಂತ ಲೆಕ್ಕ ಹಿಡಿದರೆ ಅದೂ ಯಶಸ್ಸೇ! ಉಸುಕಿನ ಗುಂಡಿ ಬೆಕ್ಕುಗಳ ಪಾಲಾಯಿತು. ಮಳೆಗಾಲದಲ್ಲಿ ಎರಿ ಮಣ್ಣು ಕಾಲಿಗೆ ಹತ್ತಿ ಮಕ್ಕಳು ಹೆಜ್ಜೆ ಕಿತ್ತಿಡಲಾರರು. ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಹಾಕಿಸಿದೆ, ಒಂದೂವರೆ ಸಾವಿರದ ಆಸುಪಾಸು. ಆ ಖರ್ಚು ಮಾತ್ರ ದಂಡವಾಗಲಿಲ್ಲ.

ಕೈ ಹಿಡಿದದ್ದು ಪಂಕ್ಚರ್ ಅಂಗಡಿಯವ ಪುಕ್ಕಟೆ ಕೊಟ್ಟ ಟೈರು ಮತ್ತು ಇನ್ನೂರು ಚಿಲ್ಲರೆಯ ಹಗ್ಗ, ಎರಡೂ ಸೇರಿ ಜೋಕಾಲಿ. ನಾಲ್ಕು ಸಲ ನೂಕಿ ಟೈರು ಹಿಡಿದು ನಿಲ್ಲಿಸುತ್ತೇನೆ. ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. "ಹೇಳು, ಹೇಳು" ಅನ್ನುವುದು ಬಂದ್. "ನೂ" ಅಂದರೂ ಸಾಕು, "ನೂಕು" ಅಂತ ನೂಕಿಬಿಡುವುದು. "ನೂಕು" ಬಂದ ಮೇಲೆ ನನ್ನದು "ಜೋರು ನೂಕು". ಮಗುವಿಗಿಂತ ಒಂದೇ ಮಾತು ಹೆಚ್ಚು, ಎರಡಲ್ಲ. ಕಷ್ಟವೆಲ್ಲ ದೊಡ್ಡವರ ಬಾಯಿ ಮುಚ್ಚಿಸುವುದರಲ್ಲೇ ಇದೆ. ನಮ್ಮ ಸಹಾಯಕಿಗೆ ಎರಡು ಎಣಿಸುವುದರೊಳಗೆ ತಡೆಯಲಾಗುತ್ತಿರಲಿಲ್ಲ. ಕಡೆಗೆ ಆ ಹೊತ್ತಿಗೆ ಎಲಿ ಅಡಕಿ ಹಾಕ್ಕೋ ಅಂದೆ, ಕೆಲಸ ಆಯಿತು.

ತಾಂಡಾದಿಂದ ಬರುವ ಹುಡುಗನೊಬ್ಬನ ಬಗ್ಗೆ ಎಲ್ಲರದೂ ಒಂದೇ ಮಾತು, ಮನ್ಯಾಗ ಲಂಬಾಣಿ ಇಲ್ಲಿ ಕನ್ನಡ, ಗೊಂದಲ ಆಗ್ಯದ ಅಂತ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ ಅಂದರೆ ಕೇಳುವವರು ಯಾರು? ತೂತು ಡಬ್ಬಿಯಲ್ಲಿ ನೀರು ಸುರಿಯುವ ಆಟದಲ್ಲಿ ಅವನು "ಪಾಣಿ" ಅಂದ, ನಾನು ಸುರಿದೆ. ತಿದ್ದಲಿಲ್ಲ. ಮಳೆಗಾಲದಲ್ಲಿ ಸುರುವಾದದ್ದು, ಸಂಕ್ರಾಂತಿ ಹೊತ್ತಿಗೆ ಎರಡು ಭಾಷೆಯಲ್ಲೂ ಎರಡೆರಡು ಪದ ಜೋಡಿಸುತ್ತಿದ್ದ.

ಬೇರೆ ಪ್ರಯೋಗಗಳೂ ಆದವು. ಪೀಪಿ ಊದಿಸಿದೆ, ಮೇಣಬತ್ತಿ ಆರಿಸಲು ಹಚ್ಚಿದೆ. ಮಕ್ಕಳಿಗೆ ಊದಲು ಬಂತು, ‘ರ’ ಬರಲಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವ ಅಜ್ಜಿಯರ ಜೊತೆ ಜಗಳಕ್ಕೇ ಹೋಗಿಲ್ಲ, ಕಿವಿ ತೋರಿಸಿ ಬಂದ್ರೇನು ಅಂತಷ್ಟೇ ಕೇಳುತ್ತೇನೆ. ಕಿವಿ ಸೋರುವ ಮಗುವನ್ನು ಜೋಕಾಲಿಗೆ ಕೂರಿಸಿ ಕಾಯುತ್ತಾ ಇರಬೇಡ್ರಿ, ಮೊದಲು ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣೆ ತಂಡಕ್ಕೆ ತೋರಿಸ್ರಿ. ನಮ್ಮಲ್ಲಿ ಒಬ್ಬಳಿಗೆ ಔಷಧಿಯಿಂದಲೇ ಅರ್ಧ ಕೆಲಸ ಮುಗಿದಿತ್ತು. ಪರ್ಸಿ ಚೂರಿನ ಲಗೋರಿ ಚೆನ್ನಾಗಿ ನಡೆಯಿತು: "ಇನ್ನೊಂದು", "ಮ್ಯಾಲ", "ಬಿತ್ತು". ಅಂಚು ಮಾತ್ರ ತಿಕ್ಕಿ ನುಣುಪು ಮಾಡಬೇಕು.

ಒಂದೇ ಟೈರಿಗೆ ಇಬ್ಬರನ್ನು ನಿಲ್ಲಿಸಿ ಅವರವರಲ್ಲೇ ಮಾತು ಹುಟ್ಟಿಸುವ ಉಪಾಯವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡ್ರಿ. ಬೇಸಿಗೆಯಾದರೆ ಒಂಬತ್ತರೊಳಗೆ ಬರ್ರಿ. ಮತ್ತೆ ಟೈರಿನ ತಳಕ್ಕೆ ತೂತು ಹೊಡೆಸೋದು ಮರೀಬ್ಯಾಡ್ರಿ, ಮಳೆ ನೀರು ನಿಂತು ಸೊಳ್ಳೆ ಆಗ್ತಾವ.