ಮೊದಲು ಗಾಳಿ, ಕೊನೆಗೆ ಗ್ಯಾಸ್: ತೆರೆದ ಚಿಲ್ಲರ್ ಸಾಲು ಸರಿ ಮಾಡಿದ ನನ್ನ ಅನುಭವ

ಅಂಗಡಿಯ ತೆರೆದ ಚಿಲ್ಲರ್ (ಮುಂದೆ ಬಾಗಿಲಿಲ್ಲದ ಫ್ರಿಡ್ಜ್) ತಂಪು ಹಿಡಿಯುತ್ತಿಲ್ಲ ಅಂದರೆ ಮೊದಲು ಗಾಳಿ ನೋಡಿ, ಗ್ಯಾಸ್ ಕೊನೆಗೆ ನೋಡಿ. ಇದನ್ನು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಕೇಳಿದವರು ಹೂಂ ಅಂದು, ಹೋಗಿ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕುತ್ತಿದ್ದರು. ಈ ಸಲ ಒಂದು ಪೂರ್ತಿ ಸಾಲನ್ನೇ ಹೀಗೆ ಸರಿ ಮಾಡಿ, ಉಷ್ಣತೆ ಬರೆದಿಡುವ ಲಾಗರಿನ ಗ್ರಾಫ್ ತೆಗೆದು ಮುಂದಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಬ್ರೇಜಿಂಗ್, ನೈಟ್ರೋಜನ್, ವ್ಯಾಕ್ಯೂಮ್ ಎಲ್ಲ ಬಲ್ಲವರಿಗೆ ಇದು. ಅದನ್ನೆಲ್ಲ ಮತ್ತೆ ಹೇಳಲು ಹೋಗುವುದಿಲ್ಲ.

ಮೂರು ಕ್ಯಾಬಿನೆಟ್ ಜೋಡಿಸಿದ ಸಾಲು, ಏಳೂವರೆ ಮೀಟರ್ ಆಸುಪಾಸು ಉದ್ದ. ಕಂಡೆನ್ಸಿಂಗ್ ಯೂನಿಟ್ (ಕಂಪ್ರೆಸರ್ ಮತ್ತು ಬಿಸಿ ಹೊರಹಾಕುವ ಕಂಡೆನ್ಸರ್) ಹೊರಗೆ, ಒಳಗಿರುವ ಗ್ಯಾಸ್ ಆರ್-404ಎ. ಹಾಲು, ಮೊಸರು, ಜ್ಯೂಸ್ ಇಡುವ ಸಾಲು. ಡಿಸ್‌ಪ್ಲೇಯಲ್ಲಿ 2 ಡಿಗ್ರಿ ಅಂತ ಚೆನ್ನಾಗಿ ತೋರಿಸುತ್ತಿತ್ತು. ಮೇಲಿನ ಶೆಲ್ಫಿನಲ್ಲಿ ಮುಂದೆ ಇಟ್ಟ ಬಾಟಲಿ ಮಾತ್ರ 9, 10 ಡಿಗ್ರಿ. ಡಿಸ್‌ಪ್ಲೇಗೆ ಉಷ್ಣತೆ ಕೊಡುವ ಪ್ರೋಬ್ ಕೂತಿರುವುದು ತಂಪು ಮಾಡುವ ಕಾಯಿಲ್ ದಾಟಿ ಬರುವ ಗಾಳಿಯಲ್ಲಿ ಅಲ್ವಾ, ಬಾಟಲಿಯ ಕಷ್ಟ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ನಾನು ಯಾವ ಕೆಲಸಕ್ಕೆ ಹೋದರೂ ಮೊದಲು ನೀರು ತುಂಬಿದ ಸಣ್ಣ ಬಾಟಲಿಯೊಳಗೆ ಸೆನ್ಸರ್ ಇಳಿಸಿ ಮೇಲಿನ ಶೆಲ್ಫಿನ ಮುಂದೆ ಒಂದು, ಕೆಳಗಿನ ಶೆಲ್ಫಿನ ಹಿಂದೆ ಒಂದು ಇಡುತ್ತೇನೆ. ಗಾಳಿಯ ಉಷ್ಣತೆ ನಿಮಿಷಕ್ಕೊಂದು ಮಾತಾಡುತ್ತದೆ, ನೀರಿನದು ನಿಜ ಹೇಳುತ್ತದೆ.

ನನಗಿಂತ ಮುಂಚೆ ಬಂದವರು ಏನೇನು ಮಾಡಿದ್ದರು ಅಂದರೆ, ಗ್ಯಾಸ್ ಟಾಪಪ್ ಮಾಡಿದ್ದರು, ಅದೂ ಒಂದಕ್ಕಿಂತ ಹೆಚ್ಚು ಸಲ. ಸೆಟ್ ಪಾಯಿಂಟ್ (ಕಂಪ್ರೆಸರ್ ನಿಲ್ಲಬೇಕಾದ ಉಷ್ಣತೆ) ಇಳಿಸುತ್ತಾ ಇಳಿಸುತ್ತಾ ಮೈನಸ್ 2ಕ್ಕೆ ತಂದಿದ್ದರು. ಕಾಯಿಲ್ ಮೇಲೆ ಐಸ್ ಕಟ್ಟಿತು ಅಂತ ಅದನ್ನು ಕರಗಿಸುವ ಡಿಫ್ರಾಸ್ಟ್ ಅನ್ನು ದಿನಕ್ಕೆ ನಾಲ್ಕರಿಂದ ಎಂಟಕ್ಕೆ ಏರಿಸಿದ್ದರು. ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಕರೆಂಟ್ ಬಿಲ್ ಹೋದ ವರ್ಷಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಬರುತ್ತಿತ್ತು. ಮಾಲೀಕರು ಹೊಸ ಸಾಲಿಗೆ ಕೊಟೇಶನ್ ತರಿಸಿಟ್ಟಿದ್ದರು. ನಾನು ಹೋಗಿ, ಎರಡು ವಾರ ಗ್ಯಾಸ್ ಮುಟ್ಟುವುದಿಲ್ಲ, ಹೊಸದು ತರುವುದನ್ನೂ ಅಲ್ಲಿಯವರೆಗೆ ನಿಲ್ಲಿಸಿ ಅಂದೆ. "ಅಲ್ಲ ಸರ್, ಗ್ಯಾಸ್ ನೋಡದೆ ಗಾಳಿ ನೋಡ್ತೀರಾ?" ಅಂದರು. ಹೊರಗಿನ ಯೂನಿಟ್ ನೋಡಿಕೊಳ್ಳುವ ಹುಡುಗರು ಮುಖ ಮುಖ ನೋಡಿಕೊಂಡರು.

ಮೊದಲಿನವರು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ, ಯಾಕೆಂದರೆ ಇದು ದಿನಾ ನಡೆಯುತ್ತದೆ. ಕಾಯಿಲ್ ಐಸ್‌ನಿಂದ ಮುಚ್ಚಿ ಗಾಳಿ ಕಮ್ಮಿಯಾದರೆ ಸಕ್ಷನ್ ಪ್ರೆಷರ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆಯ ಒತ್ತಡ) ಬೀಳುತ್ತದೆ. ಗ್ಯಾಸ್ ಕಮ್ಮಿಯಾದರೂ ಬೀಳುತ್ತದೆ. ಬರೀ ಅದನ್ನು ತೋರಿಸುವ ನೀಲಿ ಗೇಜ್ ನೋಡಿದವನಿಗೆ ಎರಡೂ ಒಂದೇ. ಸೂಪರ್‌ಹೀಟ್, ಅಂದರೆ ಕಾಯಿಲ್ ದಾಟಿ ಬಂದ ಗ್ಯಾಸ್ ಅದರ ಕುದಿಯುವ ಉಷ್ಣತೆಗಿಂತ ಎಷ್ಟು ಡಿಗ್ರಿ ಬಿಸಿಯಾಗಿದೆ ಅನ್ನುವುದನ್ನು ಅಳೆದರೆ ಬೇರೆ ಬೇರೆ ಅಂತ ತಿಳಿಯುತ್ತದೆ. ಸಕ್ಷನ್ ಕಮ್ಮಿ ಇದ್ದು ಸೂಪರ್‌ಹೀಟ್ ಜಾಸ್ತಿ ಇದ್ದರೆ ಕಾಯಿಲ್‌ಗೆ ಗ್ಯಾಸ್ ಸಾಲುತ್ತಿಲ್ಲ, ಅದು ಲೀಕ್ ಇರಬಹುದು, ಕಾಯಿಲ್‌ಗೆ ಗ್ಯಾಸ್ ಬಿಡುವ ವಾಲ್ವ್ ಇರಬಹುದು, ತೇವ ಹೀರುವ ಡ್ರೈಯರ್ ಕಟ್ಟಿರಬಹುದು. ಸಕ್ಷನ್ ಕಮ್ಮಿ, ಸೂಪರ್‌ಹೀಟ್ ಸರಿಯಾಗಿದೆ ಇಲ್ಲವೇ ಕಮ್ಮಿ ಅಂದರೆ ಗಾಳಿ ನೋಡಿ. ಪೈಪಿಗೆ ಒಂದು ಥರ್ಮಾಮೀಟರ್ ಕಟ್ಟುವ ಕೆಲಸ. ಅದನ್ನು ಬಿಟ್ಟು ಸಿಲಿಂಡರ್ ತೆರೆದರೆ ಯಾರ ದುಡ್ಡು ಹೋಯಿತು? ಆರ್-404ಎಯ ಭೂತಾಪಮಾನ ಸಂಖ್ಯೆ 3,922. ಕಾರ್ಬನ್ ಡೈಆಕ್ಸೈಡ್‌ಗಿಂತ ಭೂಮಿ ಬಿಸಿ ಮಾಡುವುದರಲ್ಲಿ ಅಷ್ಟು ಪಟ್ಟು ಕೆಟ್ಟದ್ದು. ಐರೋಪ್ಯ ಒಕ್ಕೂಟದಲ್ಲಿ 2020ರಿಂದ ಹೊಸ ಅಂಗಡಿ ಫ್ರಿಡ್ಜ್‌ಗಳಿಗೆ ಅದನ್ನು ಹಾಕುವಂತಿಲ್ಲ. ಮುಂದೆ ಅಗ್ಗವಾಗುವ ಗ್ಯಾಸ್ ಇದಲ್ಲ.

ಸರಿ, ಕೆಲಸಕ್ಕೆ ಬರೋಣ. ಸಾಮಾನು ಪೂರ್ತಿ ಖಾಲಿ ಮಾಡಿಸಿದೆ, ರಾತ್ರಿಯಿಡೀ ಆಫ್ ಮಾಡಿ ಐಸ್ ಕರಗಲು ಬಿಟ್ಟೆ. ಹೀಟ್ ಗನ್ ಹಿಡಿಯಬೇಡಿ, ಚೂಪಾದ್ದರಿಂದ ಕೆತ್ತಲೂಬೇಡಿ. ಕೆಳಗಿನ ತಟ್ಟೆ ಎತ್ತಿದರೆ ಬಲಗಡೆ ಮೂಲೆಯಲ್ಲಿ ಬೆರಳು ದಪ್ಪದ ಐಸ್ ಹಲಗೆ. ರಸಮಟ್ಟ ಇಟ್ಟು ನೋಡಿದೆ. ಸಾಲು ಬಲಕ್ಕೆ ಒಂದೂವರೆ ಸೆಂಟಿಮೀಟರ್‌ನಷ್ಟು ವಾಲಿತ್ತು, ಡ್ರೈನ್ ಇದ್ದದ್ದು ಎಡಕ್ಕೆ! ಡಿಫ್ರಾಸ್ಟ್ ನೀರು ಹೊರಗೆ ಹೋಗದೆ ಬಲಗಡೆ ನಿಂತು ಹೆಪ್ಪುಗಟ್ಟಿ, ಒಳಗೆ ಎಳೆಯುವ ಗಾಳಿಯ ದಾರಿಯನ್ನೇ ಮುಚ್ಚಿತ್ತು. ಇನ್‌ಸ್ಟಾಲ್ ಮಾಡುವಾಗ ಮಟ್ಟ ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಉಳಿಸಿದವರು ವರ್ಷಗಟ್ಟಲೆ ಬಿಲ್ ಕಟ್ಟಿಸಿದ್ದಾರೆ. ಜ್ಯಾಕ್ ಕೊಟ್ಟು ಎತ್ತಿ ಸ್ಟೀಲ್ ಪ್ಯಾಕಿಂಗ್ ಹಾಕಿದೆವು. ಮರದ ಚೂರು ಹಾಕಬೇಡಿ, ನೀರು ಕುಡಿದು ಮೆತ್ತಗಾಗಿ ಭಾರಕ್ಕೆ ಕುಸಿಯುತ್ತದೆ.

ಆಮೇಲೆ ಫ್ಯಾನ್. ಒಂದು ಕಡೆ ಮೋಟಾರ್ ಬದಲಿಸಿದವರು ಬ್ಲೇಡನ್ನು ತಿರುಗುಮುರುಗು ಕೂರಿಸಿದ್ದರು. ಫ್ಯಾನ್ ತಿರುಗುತ್ತದೆ, ಸದ್ದೂ ಬರುತ್ತದೆ, ಗಾಳಿ ಅರ್ಧವೂ ಇಲ್ಲ. ಟಿಶ್ಯೂ ಪೇಪರ್ ಪಟ್ಟಿ ಹಿಡಿದಾಗಲೇ ಗೊತ್ತಾದದ್ದು.

ಮೇಲಿನ ಜೇನುಗೂಡು ಜಾಲರಿಯ ಕಥೆ ಇನ್ನೊಂದು. ಬಾಗಿಲಿನ ಬದಲು ಮುಂದೆ ಇಳಿಯುವ ತಂಪು ಗಾಳಿ ಪರದೆಯ ಜೀವ ಇರುವುದೇ ಅಲ್ಲಿ. ಆ ಸಣ್ಣ ಸಣ್ಣ ಕಣ್ಣುಗಳಿಂದ ಗಾಳಿ ನೇರವಾಗಿ, ಒಡೆಯದೆ, ಶಾಂತವಾದ ನಲ್ಲಿ ನೀರಿನ ಹಾಗೆ ಕೆಳಗಿಳಿದು ಮುಂದಿನ ಜಾಲರಿಗೆ ಸೇರಬೇಕು. ಇಲ್ಲಿ ಮೂರರಲ್ಲೊಂದು ಕಣ್ಣು ಧೂಳಿನಿಂದ ಮುಚ್ಚಿತ್ತು, ಒಂದು ಕಡೆ ಮುರಿದದ್ದಕ್ಕೆ ಪ್ಯಾಕಿಂಗ್ ಟೇಪ್ ಅಂಟಿಸಿದ್ದರು. ತೆರೆದು ನಿಂತ ಚಿಲ್ಲರಿನಲ್ಲಿ ಒಟ್ಟು ಲೋಡಿನ (ಹೊರಹಾಕಬೇಕಾದ ಬಿಸಿಯ) ಮುಕ್ಕಾಲು ಪಾಲು ಹತ್ತಿರ ಹೊರಗಿನ ಗಾಳಿ ನುಗ್ಗುವುದರಿಂದಲೇ ಬರುತ್ತದೆ. ಪರದೆ ಒಡೆದರೆ ಕಂಪ್ರೆಸರ್ ಅಂಗಡಿಯನ್ನೇ ತಂಪು ಮಾಡುತ್ತಾ ಕೂರುತ್ತದೆ. ಮುರಿದ ತುಂಡು ಹೊಸದು ಹಾಕಿದೆ, ಉಳಿದದ್ದನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದೆ. ಜಾಲರಿಯನ್ನು ವಾಪಸ್ ಕೂರಿಸುವಾಗ ನಾನು ಒಂದು ಸಣ್ಣ ಓರೆ ಕೊಡುತ್ತೇನೆ. ಎಷ್ಟು, ಯಾವ ಕಡೆಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಹೊಗೆ ಬಿಟ್ಟು ನೋಡುತ್ತಾ ಹೋದರೆ ನಿಮಗೂ ಸಿಗುತ್ತದೆ.

ಹೊಗೆ ಅಂದೆ ಅಲ್ವಾ, ಊದುಬತ್ತಿ ಸಾಕು. ಪರದೆಯ ಹೊರ ಅಂಚಿನಲ್ಲಿ ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ಬನ್ನಿ. ಹೊಗೆ ನೇರ ಇಳಿದು ಕೆಳಗಿನ ಜಾಲರಿಯೊಳಗೆ ಹೋದರೆ ಸರಿ. ಮಧ್ಯದಲ್ಲಿ ಸುರುಳಿ ಸುತ್ತಿ ಹೊರಗೆ ಚೆಲ್ಲಿದರೆ ಅದೇ ಎತ್ತರದಲ್ಲಿ ಏನೋ ತೊಂದರೆ. ಆದರೆ ಆರ್-290 ಇರುವ ಕ್ಯಾಬಿನೆಟ್ ಹತ್ತಿರ ಕಿಡಿ ತರಲೇಬೇಡಿ. ಅದು ಪ್ರೊಪೇನ್. ಅಲ್ಲಿ ಟಿಶ್ಯೂ ಪಟ್ಟಿ ಒಂದೇ ಗತಿ.

ನಮ್ಮ ಸಾಲಿನಲ್ಲಿ ಹೊಗೆ ಎರಡು ಕಡೆ ಒಡೆಯಿತು. ಎರಡನೇ ಶೆಲ್ಫಿನಲ್ಲಿ ಪ್ಯಾಕೆಟ್‌ಗಳನ್ನು ಲೋಡ್ ಲೈನ್ (ಸಾಮಾನು ಇಡುವ ಗಡಿ ಗೆರೆ) ದಾಟಿ ನಾಲ್ಕು ಬೆರಳು ಮುಂದಕ್ಕೆ ಇಟ್ಟಿದ್ದರು. ಇನ್ನೊಂದು ಕಡೆ ಸೀಲಿಂಗ್‌ನ ಎಸಿ ಗಾಳಿ ನೇರ ಪರದೆಯ ಮೇಲೆ ಬೀಳುತ್ತಿತ್ತು. ಎಸಿ ಡಿಫ್ಯೂಸರಿನ ರೆಕ್ಕೆ ತಿರುಗಿಸಲು ಐದು ನಿಮಿಷ, ಅದಕ್ಕೆ ಅನುಮತಿ ಪಡೆಯಲು ಒಂದು ವಾರ. ಆ ರೆಕ್ಕೆ ತಿರುಗಿಸಿದ್ದರಿಂದಲೇ ಮೇಲಿನ ಬಾಟಲಿ ಒಂದೂವರೆ ಡಿಗ್ರಿ ಇಳಿಯಿತು. ಈ ಚಿಲ್ಲರ್‌ಗಳನ್ನು ಟೆಸ್ಟ್ ಮಾಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 23953ರಲ್ಲಿ ಸಾಮಾನ್ಯ ಅಂಗಡಿಯ ವರ್ಗ ಅಂದರೆ 25 ಡಿಗ್ರಿ, ಶೇ 60 ತೇವ. ಅಂಗಡಿ ಅದಕ್ಕಿಂತ ಬಿಸಿ, ತೇವ ಇದ್ದರೆ ಕ್ಯಾಟಲಾಗಿನ ಸಂಖ್ಯೆ ಹಿಡಿದುಕೊಂಡು ಜಗಳ ಆಡಬೇಡಿ.

ಡ್ರೈನ್ ಬಗ್ಗೆ ಇನ್ನೊಂದು ಮಾತು. ಮೂರು ಕ್ಯಾಬಿನೆಟ್‌ಗೆ ಸೇರಿ ಕೊನೆಯಲ್ಲಿ ಒಂದೇ ಟ್ರ್ಯಾಪ್ (ನೀರು ನಿಲ್ಲುವ ಬಾಗು ಪೈಪ್) ಇತ್ತು. ಪ್ರತಿ ಕ್ಯಾಬಿನೆಟ್‌ಗೂ ಅದರದೇ ಟ್ರ್ಯಾಪ್ ಬೇಕು, ಅದರಲ್ಲಿ ನೀರು ನಿಂತಿರಬೇಕು. ಇಲ್ಲದಿದ್ದರೆ ಫ್ಯಾನ್ ಎಳೆತಕ್ಕೆ ಡ್ರೈನ್ ಪೈಪಿನಿಂದ ಬಿಸಿ ತೇವದ ಗಾಳಿ ಒಳಗೆ ಬಂದು ನೇರ ಕಾಯಿಲ್‌ಗೆ ಅಂಟುತ್ತದೆ. ಟ್ರ್ಯಾಪ್ ಹಾಕಲು ಆದ ಖರ್ಚು ಒಂದು ಟಾಪಪ್‌ಗಿಂತ ಕಮ್ಮಿ. ಕ್ಯಾಬಿನೆಟ್‌ಗಳ ಕೂಡಿಕೆಯಲ್ಲಿ, ಹಿಂದಿನ ಪ್ಯಾನೆಲ್ ಸಂದಿನಲ್ಲಿ ಸೀಲಂಟ್ ಬಿಟ್ಟುಹೋಗಿದ್ದ ಕಡೆ ಮತ್ತೆ ತುಂಬಿದೆ.

ಇಷ್ಟಾದ ಮೇಲೆ ಸೆಟ್ ಪಾಯಿಂಟ್ ಅನ್ನು ಮೈನಸ್ 2ರಿಂದ ಪ್ಲಸ್ 1ಕ್ಕೆ ಏರಿಸಿದೆ. ಆಗ ಎಲ್ಲರಿಗೂ ಗಾಬರಿ. ತಂಪಿಲ್ಲ ಅಂದರೆ ಇವನು ಬಿಸಿ ಮಾಡುತ್ತಿದ್ದಾನಲ್ಲ ಅಂತ. ಕಾರಣ ಇದೆ. ಈ ಚಿಲ್ಲರ್‌ಗಳಲ್ಲಿ ಹೀಟರ್ ಇಲ್ಲ. ಡಿಫ್ರಾಸ್ಟ್ ಅಂದರೆ ಕಂಪ್ರೆಸರ್ ನಿಂತು ಫ್ಯಾನ್ ಓಡುವುದು, ಕ್ಯಾಬಿನೆಟ್ ಗಾಳಿಯಿಂದಲೇ ಐಸ್ ಕರಗಬೇಕು. ಗಾಳಿಯೇ ಸೊನ್ನೆಗಿಂತ ಕೆಳಗಿದ್ದರೆ ಡಿಫ್ರಾಸ್ಟ್ ಸಮಯದ ಅರ್ಧ ಭಾಗ ಸೊನ್ನೆಗೆ ಬರುವುದರಲ್ಲೇ ಮುಗಿಯುತ್ತದೆ. ಐಸ್ ಪೂರ್ತಿ ಕರಗುವುದಿಲ್ಲ, ಉಳಿದದ್ದರ ಮೇಲೆ ಇನ್ನಷ್ಟು ಕಟ್ಟುತ್ತದೆ, ಗಾಳಿ ಕಮ್ಮಿಯಾಗುತ್ತದೆ, ಬಾಟಲಿ ಬಿಸಿಯಾಗುತ್ತದೆ, ಯಾರೋ ಬಂದು ಸೆಟ್ ಪಾಯಿಂಟ್ ಇನ್ನೂ ಇಳಿಸುತ್ತಾರೆ. ಡಿಫ್ರಾಸ್ಟ್ ಜಾಸ್ತಿ ಮಾಡಿದರೆ ಪ್ರತಿ ಸಲವೂ ಸಾಮಾನು ಬಿಸಿಯಾಗುತ್ತದೆ. ನಾನು ದಿನಕ್ಕೆ ನಾಲ್ಕಕ್ಕೆ ತಂದೆ. ಕಾಯಿಲ್ ಪ್ರೋಬ್ 6, 7 ಡಿಗ್ರಿಗೆ ಬಂದರೆ ಮುಗಿಯುವ ಹಾಗೆ ಇಟ್ಟೆ, ಟೈಮರ್ ಬರೀ ಕಾವಲಿಗೆ. ಒಂದೊಂದು ಡಿಫ್ರಾಸ್ಟ್ ಮುಕ್ಕಾಲು ಗಂಟೆಯಿಂದ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಮೇಲಿನ ಬಾಟಲಿ ನಾಲ್ಕು, ನಾಲ್ಕೂವರೆಯಲ್ಲಿ ನಿಂತಿತು. ಹಳೇ ಕ್ಯಾಬಿನೆಟ್‌ಗೆ ಅದಕ್ಕಿಂತ ಇನ್ನೇನು ಬೇಕು?

ಆಮೇಲೆ ಗೇಜ್ ಹಾಕಿದೆ. ಗ್ಯಾಸ್ ಕಮ್ಮಿ ಇರಲಿಲ್ಲ, ಜಾಸ್ತಿ ಇತ್ತು. ಹೆಡ್ ಪ್ರೆಷರ್ (ಕಂಪ್ರೆಸರ್ ಗ್ಯಾಸ್ ಹೊರದೂಡುವ ಕಡೆಯ ಒತ್ತಡ) ಏರಿ ಕೂತಿತ್ತು. ಒಂದೂವರೆ ಕಿಲೋ ಹತ್ತಿರ ರಿಕವರಿ ಸಿಲಿಂಡರಿಗೆ ಎಳೆದೆ. ಹುಡುಗರು ತಕ್ಕಡಿ ನೋಡುತ್ತಾ ನಿಂತಿದ್ದರು. ಎರಡನೇ ತಿಂಗಳಿಗೆ ಕರೆಂಟ್ ಬಿಲ್ ನಾಲ್ಕನೇ ಒಂದು ಭಾಗದಷ್ಟು ಇಳಿದಿತ್ತು. ನನ್ನ ಕೂಲಿ, ಸಾಮಾನು ಎಲ್ಲ ಸೇರಿ ಹೊಸ ಸಾಲಿನ ಹತ್ತನೇ ಒಂದು ಪಾಲೂ ಆಗಲಿಲ್ಲ. ಆದರೂ ಬಿಲ್ ಕೊಟ್ಟಾಗ ಮಾಲೀಕರು ಒಂದು ಸಲ ಮುಖ ನೋಡಿದರು. ಗ್ಯಾಸ್ ತುಂಬಿದ್ದಕ್ಕೆ ಬಿಲ್ ಹಾಕಿದರೆ ಯಾರೂ ಕೇಳುವುದಿಲ್ಲ, ಜಾಲರಿ ತೊಳೆದದ್ದಕ್ಕೆ ಹಾಕಿದರೆ ಕೇಳುತ್ತಾರೆ. ಅದಕ್ಕೆ ನಾನು ಈಗ ಮೊದಲೇ ಬರೆದುಕೊಳ್ಳುತ್ತೇನೆ: ಮೇಲಿನ ಬಾಟಲಿ 5 ಡಿಗ್ರಿಗೆ ಇಳಿದರೆ ಇಷ್ಟು, ಇಳಿಯದಿದ್ದರೆ ಸಾಮಾನಿನ ಖರ್ಚು ಮಾತ್ರ.

ನಡುವೆ ಬೇರೆ ಒಂದೆರಡು ಪ್ರಯೋಗ ಮಾಡಿದೆ. ಪ್ಲಾಸ್ಟಿಕ್ ಪಟ್ಟಿ ಪರದೆ ಇಳಿಬಿಟ್ಟೆ. ತಂಪು ನಿಂತಿತು, ಗ್ರಾಹಕರು ಕೈ ಹಾಕಲು ಬೇಸರಪಟ್ಟರು, ಮಾರಾಟ ಬಿತ್ತು, ವಾರದೊಳಗೆ ತೆಗೆಸಿದರು. ರಾತ್ರಿ ಎಳೆಯುವ ರೋಲರ್ ಪರದೆ ಒಳ್ಳೆಯದು, ಆದರೆ ಯಾರಾದರೂ ಎಳೆಯಬೇಕಲ್ಲ. ಷಟರ್ ಎಳೆಯುವವರ ಕೆಲಸಕ್ಕೇ ಅದನ್ನು ಸೇರಿಸಿದ ಮೇಲೆ ದಾರಿಗೆ ಬಂತು. ಹಳೇ ಶೇಡೆಡ್ ಪೋಲ್ ಫ್ಯಾನ್ ಮೋಟಾರ್‌ಗಳನ್ನು ತೆಗೆದು ಕಮ್ಮಿ ಕರೆಂಟ್ ತಿನ್ನುವ ಇಸಿ ಮೋಟಾರ್ ಹಾಕಿದೆ. ಹಳೇದು ತಿನ್ನುವ ಕರೆಂಟಿನಲ್ಲಿ ಐದರಲ್ಲೊಂದು ಭಾಗ ಮಾತ್ರ ಗಾಳಿಗೆ ಹೋಗುತ್ತದೆ, ಉಳಿದದ್ದು ಬಿಸಿ. ಆ ಬಿಸಿ ಚಿಲ್ಲರ್ ಒಳಗೇ ಬೀಳುತ್ತದೆ, ಅದನ್ನು ಹೊರಗೆ ಹಾಕಲು ಕಂಪ್ರೆಸರ್ ಮತ್ತೆ ಓಡಬೇಕು. ಎರಡು ಕಡೆ ಉಳಿತಾಯ. ದುಡ್ಡು ಒಂದು ವರ್ಷದೊಳಗೆ ವಾಪಸ್ ಬರುವ ಲೆಕ್ಕ.

ಒಂದು ಕಾಯಿಲ್‌ನಲ್ಲಿ ತಾಮ್ರದ ಬಾಗಿನಲ್ಲಿ ಸೂಜಿಮೊನೆಯಷ್ಟು ಲೀಕ್ ಸಿಕ್ಕಿತು. ಆ ಭಾಗದಲ್ಲಿ ಉಪ್ಪಿನಕಾಯಿ, ವಿನೆಗರ್ ಬಾಟಲಿಗಳು ಒಡೆದು ಸೋರುತ್ತಿದ್ದವು. ವಿನೆಗರ್ ಆವಿ ತಾಮ್ರವನ್ನು ತಿನ್ನುತ್ತದೆ. ಅಂಥ ಸಾಮಾನು ಇರುವ ಕಡೆ ಕಾಯಿಲ್‌ಗೆ ಕೋಟಿಂಗ್ ಮಾಡಿಸಿ, ಸೋರಿದ್ದನ್ನು ಅವತ್ತೇ ಒರೆಸಿಸಿ. ಸುಮ್ನೆ ಗ್ಯಾಸ್ ಹಾಕಿ ಹೋಗಬೇಡಿ.

ಫ್ರೀಜರ್‌ಗೆ ಇದೆಲ್ಲ ಹಾಗೇ ಒಪ್ಪುವುದಿಲ್ಲ. ಮೈನಸ್ 18ರಲ್ಲಿ ಹೀಟರ್ ಡಿಫ್ರಾಸ್ಟ್ ಬೇಕೇ ಬೇಕು. ಹೀಟರ್ ನಿಂತ ಮೇಲೆ ನೀರು ಇಳಿಯಲು ಒಂದೆರಡು ನಿಮಿಷ ಬಿಡಬೇಕು. ಆಮೇಲೆ ಕಂಪ್ರೆಸರ್ ಮೊದಲು, ಫ್ಯಾನ್ ಆಮೇಲೆ. ಉಳಿದ ಹನಿ ಕಾಯಿಲ್ ಮೇಲೇ ಹೆಪ್ಪುಗಟ್ಟಲಿ. ಫ್ಯಾನ್ ಮೊದಲು ಓಡಿದರೆ ಆ ತೇವ ಪ್ಯಾಕೆಟ್ ಮೇಲೆ ಹಿಮವಾಗಿ ಕೂರುತ್ತದೆ.

ಕಾಂಟ್ರ್ಯಾಕ್ಟ್ ಈಗ ನನ್ನದೇ. ತಿಂಗಳಿಗೊಮ್ಮೆ ಜಾಲರಿ, ಡ್ರೈನ್, ಕಂಡೆನ್ಸರ್ ತೊಳೆಯುವುದು, ಮೂರು ತಿಂಗಳಿಗೊಮ್ಮೆ ಹೊಗೆ. ಒಂದು ಕ್ಯಾಬಿನೆಟ್‌ಗೆ ಗಾಜಿನ ಬಾಗಿಲು ಕೂರಿಸಿ ನೋಡುತ್ತಿದ್ದೇನೆ. ಲೋಡ್ ಎಷ್ಟು ಬಿದ್ದಿತೆಂದರೆ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಈಗಿನ ಲೋಡಿಗೆ ದೊಡ್ಡದಾಯಿತು, ಸೂಪರ್‌ಹೀಟ್ ಮೇಲೆ ಕೆಳಗೆ ಕುಣಿಯುತ್ತಿದೆ. ಉಳಿದ ಎರಡಕ್ಕೆ ಬಾಗಿಲು ಹಾಕುವ ಮುಂಚೆ ಆ ವಾಲ್ವಿಗೆ ಒಂದು ಸೈಜ್ ಚಿಕ್ಕ ಆರಿಫೈಸ್ (ಗ್ಯಾಸ್ ಹಾಯುವ ರಂಧ್ರದ ಭಾಗ) ತರಿಸಿದ್ದೇನೆ, ಮುಂದಿನ ವಾರ ಕೂರಿಸುತ್ತೇನೆ.