ಕಣ್ಣಿನ ಲಿಂಫೋಮಾಗೆ ಬರೀ 4 ಗ್ರೇ: ನನ್ನ ಅನುಭವ

ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್. ಕಣ್ಣಿನ ಸುತ್ತ ಬರುವ, ನಿಧಾನವಾಗಿ ಬೆಳೆಯುವ ಬಗೆಗೆ ನಾನು ತೀರಾ ಕಡಿಮೆ ವಿಕಿರಣ ಕೊಡುತ್ತೇನೆ. ಕಳೆದ ತಿಂಗಳು ನನ್ನ ಹನ್ನೊಂದನೇ ಕೇಸಿಗೆ ಮೂರು ವರ್ಷ ತುಂಬಿತು. ಸಿಂಧನೂರು ಕಡೆಯ ಅಮ್ಮ, ಅರವತ್ತು ದಾಟಿದವರು. ಕೆಳರೆಪ್ಪೆ ಎಳೆದು ನೋಡಿದೆ. ಆವತ್ತು ಕರಬೂಜದ ತಿರುಳಿನ ಬಣ್ಣದಲ್ಲಿ ನುಣ್ಣಗೆ ಉಬ್ಬಿದ್ದ ಜಾಗ ಈಗ ಬೆಳ್ಳಗಿದೆ, ಎರಡು ಸಣ್ಣ ರಕ್ತನಾಳ ಬಿಟ್ಟರೆ ಏನೂ ಇಲ್ಲ. ಕೊಟ್ಟಿದ್ದು ಎರಡೇ ಫ್ರಾಕ್ಷನ್, ಅಂದರೆ ಎರಡೇ ಸಲದ ವಿಕಿರಣ. ಒಟ್ಟು 4 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), ಮಾಮೂಲಿ 24ರ ಬದಲು.

ಶುರು ಮಾಡಿದಾಗ "ಇದು ಟ್ರೀಟ್‌ಮೆಂಟೇ ಅಲ್ಲ" ಅಂದವರು ಪಕ್ಕದ ರೂಮಿನಲ್ಲೇ ಇದ್ದರು. ಅವರ ಮಾತಿಗೂ ಆಧಾರ ಇತ್ತು. 2014ರಲ್ಲಿ ಬಂದ ಬ್ರಿಟನ್ನಿನ ಫೋರ್ಟ್ ಟ್ರಯಲ್‌ನಲ್ಲಿ 24 ಗ್ರೇ ಎದುರು 4 ಗ್ರೇ ಸೋತಿತ್ತು. ಆದರೆ ಅಲ್ಲಿದ್ದದ್ದು ಮೈಯ ಬೇರೆಬೇರೆ ಕಡೆಯ ಫಾಲಿಕ್ಯುಲರ್, ಮಾರ್ಜಿನಲ್ ಝೋನ್ ಎಂಬ ಬಗೆಯ ಲಿಂಫೋಮಾ ಗಡ್ಡೆಗಳು. ಕಣ್ಣಿನಲ್ಲಿ ಕೆಲಸ ಮಾಡದಿದ್ದರೆ ಇನ್ನೊಂದು 20 ಗ್ರೇ ಕೊಡುವ ದಾರಿ ಇದ್ದೇ ಇರುತ್ತದೆ, ಅಲ್ವಾ? ಅಮೆರಿಕದ ಹ್ಯೂಸ್ಟನ್ನಿನ ಎಂಡಿ ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರು 50 ಜನಕ್ಕೆ ಹೀಗೇ ಕೊಟ್ಟು, ಹತ್ತರಲ್ಲಿ ಒಂಬತ್ತು ಜನಕ್ಕೆ ಪೂರ್ತಿ ಕರಗಿದ್ದನ್ನು 2024ರಲ್ಲಿ ಪ್ರಕಟಿಸಿದ ಮೇಲೆ ಗೊಣಗಾಟ ನಿಂತಿತು. ಅಷ್ಟೊತ್ತಿಗೆ ನಾನು ಹನ್ನೆರಡೋ ಹದಿಮೂರೋ ಜನಕ್ಕೆ ಕೊಟ್ಟಾಗಿತ್ತು.

ಮೊದಲ ಕೇಸಿನಲ್ಲಿ ಆತುರಪಟ್ಟೆ. ಆರು ವಾರಕ್ಕೆ ನೋಡಿದರೆ ಅರ್ಧ ಉಳಿದಿತ್ತು. ಹೆದರಿ 20 ಗ್ರೇ ಸೇರಿಸಿಬಿಟ್ಟೆ. ಗಡ್ಡೆ ಹೋಯಿತು, ಆದರೆ ಕಣ್ಣು ಒಣಗಿತು. ಅವರು ಇವತ್ತಿಗೂ ದಿನಕ್ಕೆ ಐದಾರು ಸಲ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಈಗ ಮೂರು ತಿಂಗಳವರೆಗೆ ಕೈ ಹಚ್ಚುವುದೇ ಇಲ್ಲ. ಕರಗುತ್ತಾ ಇದ್ದರೆ ಇನ್ನೂ ಕಾಯುತ್ತೇನೆ. ಒಬ್ಬರಿಗೆ ಹತ್ತು ತಿಂಗಳು ಹಿಡಿಯಿತು.

ಇನ್ನೊಂದು ಕೇಸು ನೆನೆದರೆ ಈಗಲೂ ಬೇಜಾರು. ಊರಲ್ಲಿ ಯಾರೋ ಮೊದಲೇ ಸ್ಟೀರಾಯ್ಡ್ ಕೊಟ್ಟಿದ್ದರು. ಊತ ಇಳಿದ ಮೇಲೆ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ತೆಗೆದ ಚೂರಿನಲ್ಲಿ ಏನೂ ಸಿಗಲಿಲ್ಲ. ವರ್ಷದ ನಂತರ ಕಣ್ಣು ಮುಂದಕ್ಕೆ ತಳ್ಳಿಕೊಂಡು ಬಂದಾಗ ಅದು ಬೇಗ ಬೆಳೆಯುವ ದೊಡ್ಡ ಕೋಶದ ಲಿಂಫೋಮಾ. ಅದಕ್ಕೆ ಆರ್-ಚಾಪ್ ಎಂಬ ಕೀಮೋಥೆರಪಿ ಬೇಕಾಯಿತು, ನನ್ನ 4 ಗ್ರೇ ಅಲ್ಲಿ ಉಪಯೋಗಕ್ಕಿಲ್ಲ. ದಯವಿಟ್ಟು ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಮುಟ್ಟಬೇಡಿ. ಬಯಾಪ್ಸಿ ಚೂರಿನ ಮೇಲೆ ಸೈಕ್ಲಿನ್ ಡಿ1 ಪರೀಕ್ಷೆ ಮಾಡಿಸದೆ ಮಾಲ್ಟ್ (ಕಣ್ಣಿನ ಈ ನಿಧಾನದ ಲಿಂಫೋಮಾ) ಅಂತ ನಂಬಲೂ ಬೇಡಿ, ಮ್ಯಾಂಟಲ್ ಸೆಲ್ ಎಂಬ ಬೇರೆ ಲಿಂಫೋಮಾ ಕಣ್ತಪ್ಪಿಹೋಗುತ್ತದೆ.

ದುಡ್ಡಿನ ಮಾತು. 24 ಗ್ರೇ ಅಂದರೆ ಹನ್ನೆರಡು ಫ್ರಾಕ್ಷನ್, ರಜೆ ಸೇರಿ ಹದಿನೈದು ಹದಿನಾರು ದಿನ ಬೆಂಗಳೂರಿನಲ್ಲಿರಬೇಕು. ಇಬ್ಬರಿಗೆ ರೂಮು ಊಟ ದಿನಕ್ಕೆ ಸಾವಿರ ಹಿಡಿಯಿರಿ, ಜೊತೆಗೆ ಬಂದ ಮಗನ ಕೂಲಿ ಬೇರೆ ಹೋಗುತ್ತದೆ. ಸಿಂಧನೂರಿನ ಅಮ್ಮ ಸೋಮವಾರ ಬೆಳಗ್ಗೆ ಬಸ್ ಇಳಿದವರು ಬುಧವಾರ ರಾತ್ರಿ ಬಸ್ ಹತ್ತಿದರು. ಕಾಯಿಲೆ ಮೈಯಲ್ಲಿ ಬೇರೆಲ್ಲಾದರೂ ಇದೆಯೇ ಎಂದು ನೋಡುವ ಪೆಟ್-ಸಿಟಿ ಸ್ಕ್ಯಾನಿಗೆ ಹದಿನೈದು ಸಾವಿರದ ಆಸುಪಾಸು ಬೀಳುತ್ತದೆ, ಅದರಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಮಧ್ಯೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೂಡ ಕೊಟ್ಟು ನೋಡಿದೆ. 2004ರಲ್ಲಿ ಇಟಲಿಯವರು ಈ ಗಡ್ಡೆಗಳಲ್ಲಿ ಕ್ಲಮೈಡಿಯಾ ಸಿಟಾಸಿ ಕಂಡಿದ್ದರು, ಗಿಳಿ ಪಾರಿವಾಳಗಳಿಂದ ಬರುವ ಬ್ಯಾಕ್ಟೀರಿಯಾ ಅದು. ಐದು ಜನಕ್ಕೆ 100 ಮಿಲಿಗ್ರಾಂ, ದಿನಕ್ಕೆರಡು ಸಲ, ಮೂರು ವಾರ ಕೊಟ್ಟೆ. ಒಬ್ಬರಿಗೆ ಸ್ವಲ್ಪ ಇಳಿದು ಮತ್ತೆ ಬಂತು. ಅವರ ಮನೆಯಲ್ಲಿ ಗಿಳಿ ಇರಲಿಲ್ಲ, ಇದ್ದವರಿಗೆ ಇಳಿಯಲೇ ಇಲ್ಲ. ಬಿಟ್ಟುಬಿಟ್ಟೆ.

ರೆಪ್ಪೆಯ ಮೇಲೆ ಬೋಲಸ್ ಅನ್ನು (ವಿಕಿರಣದ ಪೂರ್ತಿ ಡೋಸ್ ಮೇಲ್ಭಾಗಕ್ಕೇ ಸಿಗಲೆಂದು ಇಡುವ ಮೆತ್ತನೆಯ ಪದರ) ಗಾಳಿ ನಿಲ್ಲದ ಹಾಗೆ ಹೇಗೆ ಕೂರಿಸುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಬನ್ನಿ, ಮಶೀನ್ ಪಕ್ಕದಲ್ಲೇ ತೋರಿಸುತ್ತೇನೆ.

ಕೊಟ್ಟ ಜಾಗದಲ್ಲಿ ಮತ್ತೆ ಬರುವುದಕ್ಕಿಂತ ನನಗೆ ಜಾಸ್ತಿ ಭಯ ಇನ್ನೊಂದು ಕಣ್ಣು, ಕುತ್ತಿಗೆ, ಹೊಟ್ಟೆಯದು. ಹತ್ತು ವರ್ಷ ಆದ ಮೇಲೂ ಬರಬಹುದು. ಅದಕ್ಕೇ ಎಲ್ಲರ ಫೋನ್ ನಂಬರ್ ಒಂದು ಪುಸ್ತಕದಲ್ಲಿದೆ, ಆರು ತಿಂಗಳಿಗೊಮ್ಮೆ ನಾನೇ ಫೋನ್ ಮಾಡುತ್ತೇನೆ. ಹಾಗೆ ಮಾಡಿದ್ದಕ್ಕೇ ನಾಲ್ಕನೇ ಕೇಸಿನವರ ಎಡಗಣ್ಣಿನಲ್ಲಿ ಅವರೆಕಾಳಿನಷ್ಟಿದ್ದಾಗಲೇ ಸಿಕ್ಕಿತು. ಮತ್ತೆ ಬಯಾಪ್ಸಿ ಮಾಡಿಸಿದೆ, ದೊಡ್ಡ ಕೋಶದ್ದಾಗಿ ರೂಪ ಬದಲಾಗಿರಲಿಲ್ಲ. ಅದಕ್ಕೂ 4 ಗ್ರೇ ಕೊಟ್ಟಿದ್ದೇನೆ. ದಸರಾ ಕಳೆದ ಮೇಲೆ ಬರುತ್ತಾರೆ.